ನೆಲದಡಿಯ ಬೆಂಗಳೂರು: ನಲ್ಲಿ ನೀರಿನ ಕೊಳವೆಗಳ ಚರಿತ್ರೆ

ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು 1896ರಲ್ಲಿ. ಅದಕ್ಕೆ ಮೊದಲು ಮೂರೂವರೆ ಶತಮಾನ ಊರು ನಡೆದದ್ದು ಕೆರೆ, ಕಲ್ಯಾಣಿ ಮತ್ತು ಸೇದುವ ಬಾವಿಗಳ ಮೇಲೆ. ಪೇಟೆಗೆ ಧರ್ಮಾಂಬುಧಿ ಮತ್ತು ಸಂಪಂಗಿ ಕೆರೆಗಳು ಆಸರೆ. ದಂಡು ಪ್ರದೇಶಕ್ಕೆ ಹಲಸೂರು ಕೆರೆ, 1882ರ ನಂತರ ಸ್ಯಾಂಕಿ ಕೆರೆ. ಕೆರೆಯ ನೀರನ್ನು ಕಾಲುವೆಯಲ್ಲಿ ಹರಿಸಿ ಬೀದಿಯ ಕಲ್ಲುತೊಟ್ಟಿಗಳಿಗೆ ಬಿಡುವ ಕಾರಂಜಿ ಏರ್ಪಾಟು ಪೇಟೆಯಲ್ಲಿತ್ತು. ಅದರಲ್ಲಿ ಏನು ಕೆಟ್ಟರೂ ಕಣ್ಣಿಗೆ ಬೀಳುತ್ತಿತ್ತು: ಕಾಲುವೆ ಒಡೆದರೆ ಬೀದಿಯೆಲ್ಲ ಒದ್ದೆ, ಹೂಳು ತುಂಬಿದರೆ ತೊಟ್ಟಿ ಖಾಲಿ. ನೆಲದಡಿಯ ಕೊಳವೆ ಈ ಅನುಕೂಲವನ್ನು ಕಿತ್ತುಕೊಂಡಿತು. ನಗರದ ನೀರಿನ ಚರಿತ್ರೆಯನ್ನು ಸಾಮಾನ್ಯವಾಗಿ ಹೊಸ ಹೊಸ ಜಲಮೂಲಗಳ ಚರಿತ್ರೆಯಾಗಿ ಹೇಳುತ್ತಾರೆ: ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಕಾವೇರಿ. ತಂದ ನೀರನ್ನು ಮನೆಗೆ ಮುಟ್ಟಿಸಿದ ಕೊಳವೆಗಳಿಗೆ ಆ ಚರಿತ್ರೆಯಲ್ಲಿ ಹೆಚ್ಚು ಜಾಗವಿಲ್ಲ. ನಗರದ ನೀರಿನ ಕಷ್ಟದಲ್ಲಿ ದೊಡ್ಡ ಪಾಲು ಇರುವುದು ಮಾತ್ರ ಅಲ್ಲಿಯೇ.

1876-78ರ ಮಹಾಕ್ಷಾಮದಲ್ಲಿ ಕೆರೆಗಳನ್ನು ನಂಬಿ ಊರು ಬದುಕಲಾರದು ಎಂಬುದು ಖಚಿತವಾಯಿತು. 1890ರ ದಶಕದ ಆರಂಭದಲ್ಲಿ ಮಳೆ ಮತ್ತೆ ಕೈಕೊಟ್ಟಿತು. ಆಗ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮುಖ್ಯ ಎಂಜಿನಿಯರ್ ಹಚಿನ್ಸ್ ಅವರ ಯೋಜನೆಯಂತೆ, ಅರ್ಕಾವತಿಗೆ ಅಡ್ಡಲಾಗಿದ್ದ ಹೆಸರಘಟ್ಟದ ಹಳೆಯ ಕೆರೆಯನ್ನು ಮತ್ತೆ ಕಟ್ಟಿ ನಗರಕ್ಕೆ ನೀರು ತರುವ ಕೆಲಸ ನಡೆಯಿತು. 1894ರ ಕೊನೆಯಲ್ಲಿ ತೀರಿಕೊಂಡ ಮಹಾರಾಜರ ಹೆಸರಿನಿಂದ ಅದು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎನಿಸಿತು. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ನೀರು ಇಟ್ಟಿಗೆಯ ಮುಚ್ಚುಗಾಲುವೆಯಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಅಲ್ಲಿಂದ ಹಬೆಯಂತ್ರದ ಪಂಪುಗಳು ಅದನ್ನು ಮಲ್ಲೇಶ್ವರದ ಎತ್ತರಕ್ಕೆ ತಳ್ಳುತ್ತಿದ್ದವು. ಮಲ್ಲೇಶ್ವರದ ಹಳಬರ ಬಾಯಲ್ಲಿ ಆ ಜಾಗಕ್ಕೆ ಇಂದಿಗೂ ಜ್ಯುವೆಲ್ ಫಿಲ್ಟರ್ ಎಂದೇ ಹೆಸರು. ಆ ಹೆಸರು ಅಲ್ಲಿ ಕೂರಿಸಿದ ಅಮೆರಿಕದ ವಿನ್ಯಾಸದ ಶೋಧಕಗಳಿಂದ ಬಂದದ್ದು. ಅಲ್ಲಿ ಸೋಸಿದ ನೀರು ಕಬ್ಬಿಣದ ಕೊಳವೆಗಳಲ್ಲಿ ಪೇಟೆಗೂ ದಂಡಿಗೂ ಇಳಿಯಿತು.

ಈ ದಾರಿಯಲ್ಲಿ ನೀರಿನ ಸ್ವಭಾವ ಎರಡು ಬಗೆ. ಇಟ್ಟಿಗೆಯ ಕಾಲುವೆಯಲ್ಲಿ ಅದು ತೊರೆಯಂತೆ ಹರಿಯುತ್ತದೆ. ಒತ್ತಡವಿಲ್ಲ, ಬಿರುಕು ಬಿಟ್ಟರೆ ಗಾರೆಯವನು ಸಾಕು. ಪಂಪು ತಳ್ಳಿದ ನೀರು ಹಾಗಲ್ಲ. ಅದು ಕೊಳವೆಯ ಗೋಡೆಯನ್ನು ಹಗಲೂ ರಾತ್ರಿ ಒತ್ತುತ್ತಿರುತ್ತದೆ, ದುರ್ಬಲವಾದ ಕಡೆ ಹೊರಬರುತ್ತದೆ. ಈ ತಿಳಿವಳಿಕೆ ಕರ್ನಾಟಕಕ್ಕೆ ಹೊಸದೇನೂ ಆಗಿರಲಿಲ್ಲ. ವಿಜಯಪುರದ ಆದಿಲ್‌ಶಾಹಿಗಳು ತೊರವಿಯಿಂದಲೂ 1651ರ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರು ತಂದಿದ್ದರು. ಬೇಗಂ ತಲಾಬಿನ ನೀರು ಬಂದದ್ದು ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ದಾರಿಯುದ್ದಕ್ಕೂ ಅವರು ಕಟ್ಟಿಸಿದ ಗಂಜ್ ಎಂಬ ನೀರಿನ ಗೋಪುರಗಳು ಎರಡು ಕೆಲಸ ಮಾಡುತ್ತಿದ್ದವು. ನೀರು ಗೋಪುರದೊಳಗೆ ಏರಿ ನಿಂತು ಕೊಳವೆಯ ಮೇಲಿನ ಒತ್ತಡ ತಗ್ಗುತ್ತಿತ್ತು. ಹೊತ್ತು ತಂದ ಹೂಳು ತಳದಲ್ಲಿ ಕೂರುತ್ತಿತ್ತು, ಆಗಾಗ ಅದನ್ನು ತೆಗೆಸಬಹುದಾಗಿತ್ತು. ಒತ್ತಡವನ್ನು ಹತೋಟಿಯಲ್ಲಿಡುವುದು, ಕೊಳವೆಯನ್ನು ತೊಳೆಯುವುದಕ್ಕೆ ಮೊದಲೇ ದಾರಿ ಮಾಡಿಡುವುದು: ಕೊಳವೆ ನಿರ್ವಹಣೆಯ ಅರ್ಧ ವಿದ್ಯೆ ಇಷ್ಟೇ. ಬೆಂಗಳೂರು ಇದನ್ನು ಪೂರ್ತಿಯಾಗಿ ಪಾಲಿಸಿತು ಎಂದು ಹೇಳುವಂತಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಗರಗಳ ನೀರಿಗೆ ಬಳಸುತ್ತಿದ್ದದ್ದು ಎರಕದ ಕಬ್ಬಿಣದ ಪೈಪು. ನಿಲ್ಲಿಸಿದ ಅಚ್ಚಿನಲ್ಲಿ ಕಬ್ಬಿಣ ಹೊಯ್ದು ಮಾಡಿದ ಈ ಪೈಪುಗಳಿಗೆ ಗೋಡೆ ದಪ್ಪ, ಭಾರ ಬಹಳ. ಪೆಟ್ಟು ಬಿದ್ದರೆ ಬಾಗದೆ ಸೀಳುತ್ತಿದ್ದವು. ತುಕ್ಕು ಹಿಡಿಯದಿರಲೆಂದು ಅವನ್ನು ಕಾಯಿಸಿ ಕಲ್ಲಿದ್ದಲ ಡಾಂಬರಿನ ದ್ರಾವಣದಲ್ಲಿ ಅದ್ದುವ ಪದ್ಧತಿಯಿತ್ತು. ಈ ಲೇಪನವನ್ನು ರೂಪಿಸಿದ ಆಂಗಸ್ ಸ್ಮಿತ್, ಆಮ್ಲಮಳೆ ಎಂಬ ಮಾತನ್ನು ಬಳಕೆಗೆ ತಂದ ರಸಾಯನ ವಿಜ್ಞಾನಿಯೂ ಹೌದು. ಪೈಪಿನ ಒಂದು ತುದಿ ಅಗಲ ಬಾಯಿ. ಅದರೊಳಗೆ ಮುಂದಿನ ಪೈಪಿನ ಬರಿ ತುದಿಯನ್ನು ಕೂರಿಸಿ, ಸಂದಿಗೆ ಮೊದಲು ಸಣಬಿನ ಹುರಿಯನ್ನು ಗಿಡಿದು ತುಂಬುತ್ತಿದ್ದರು. ಬಾಯಿಯ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಮೇಲಿನ ಕಿಂಡಿಯಿಂದ ಕರಗಿಸಿದ ಸೀಸವನ್ನು ಒಂದೇ ಉಸಿರಿನಲ್ಲಿ ಹೊಯ್ಯಬೇಕು. ನಡುವೆ ನಿಲ್ಲಿಸಿದರೆ ಸೀಸ ಎರಡು ಪದರವಾಗಿ ಗಟ್ಟಿಯಾಗಿ ಸೋರುತ್ತದೆ. ಗುಂಡಿಯಲ್ಲಿ ತೇವವಿದ್ದರೆ ಆವಿ ಎದ್ದು ಬಿಸಿ ಸೀಸ ಮುಖಕ್ಕೇ ಸಿಡಿಯುತ್ತದೆ. ಆರಿದ ಮೇಲೆ ಉಳಿ ಮತ್ತು ಸುತ್ತಿಗೆಯಿಂದ ಸುತ್ತಲೂ ಬಡಿದು ಬಿಗಿ ಮಾಡಬೇಕು. ಬರಹದಲ್ಲಿ ಉಳಿಯದ, ಕೈಯಿಂದ ಕೈಗೆ ಬಂದ ಕಸುಬು ಇದು.

ಸೀಸದ ಕೀಲಿಗೆ ಒಂದು ಗುಣವಿತ್ತು. ಅದು ಮೆದು, ನೆಲ ಅಲುಗಿದರೆ ತಾನೂ ಸ್ವಲ್ಪ ಜರುಗಿ ಕೊಡುತ್ತಿತ್ತು, ಸೋರಿದರೆ ಮತ್ತೆ ಬಡಿದು ಬಿಗಿ ಮಾಡಬಹುದಾಗಿತ್ತು. ಎತ್ತಿನ ಗಾಡಿಯ ರಸ್ತೆಯಲ್ಲಿ ಅದು ದಶಕಗಟ್ಟಲೆ ನಿಂತಿತು. ಮುಂದೆ ಅದೇ ರಸ್ತೆಯ ಮೇಲೆ ಬಸ್ಸು, ಲಾರಿ ಓಡತೊಡಗಿದಾಗ ಕೀಲುಗಳು ದಿನವೂ ನಡುಗಿ ಸಡಿಲವಾದವು. ನಗರದ ಹಳೆಯ ಭಾಗದಲ್ಲಿ ಮುಖ್ಯ ಕೊಳವೆ ಒಡೆದು ರಸ್ತೆಗೆ ನೀರು ಚಿಮ್ಮುವುದು ಸುದ್ದಿಯಾಗುತ್ತದೆ; ನೂರಾರು ಕೀಲುಗಳಲ್ಲಿ ತೊಟ್ಟು ತೊಟ್ಟಾಗಿ ಮಣ್ಣಿಗೆ ಇಳಿಯುವ ನೀರು ಸುದ್ದಿಯಾಗುವುದಿಲ್ಲ. ನಷ್ಟ ಹೆಚ್ಚು ಎರಡನೆಯದರಲ್ಲಿ, ಏಕೆಂದರೆ ಒಡೆದ ಪೈಪನ್ನು ಆ ದಿನವೇ ಮುಚ್ಚುತ್ತಾರೆ, ಕಾಣದ ಸೋರಿಕೆ ವರ್ಷಾನುಗಟ್ಟಲೆ ನಡೆಯುತ್ತದೆ.

ಕಬ್ಬಿಣದ ಇನ್ನೊಂದು ರೋಗ ಒಳಗಿನದು. ನೀರಿನಲ್ಲಿ ಕರಗಿದ ಆಮ್ಲಜನಕ ಲೇಪನ ಎದ್ದ ಕಡೆ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಗಂಟುಗಂಟಾಗಿ ಒಳಗೋಡೆಯಿಂದ ಬೆಳೆದು ನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಇದರ ಲೆಕ್ಕ ನಿಷ್ಕರುಣಿ. ನೀರು ಸರಬರಾಜಿನವರು ಬಳಸುವ ಹೇಜನ್-ವಿಲಿಯಮ್ಸ್ ಸೂತ್ರದಂತೆ, ಒತ್ತಡ ಅಷ್ಟೇ ಇದ್ದು ಪೈಪಿನ ವ್ಯಾಸ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ಆರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಒಳಗೋಡೆ ಒರಟಾಗುವುದರ ನಷ್ಟ ಬೇರೆ. ಬೀದಿಯ ಕೊನೆಯ ಮನೆಗೆ ನೀರು ಏರದಿದ್ದಾಗ ಜನ ಮೇಲಿನವರು ಕದ್ದರು ಎನ್ನುತ್ತಾರೆ. ಹಲವು ಸಲ ಕಳ್ಳತನ ಮಾಡಿದ್ದು ತುಕ್ಕು. ಬೆಳಗಿನ ಮೊದಲ ನೀರು ಕೆಂಪಗೆ ಬರುವುದೂ ಇದರದೇ ಗುರುತು. ಇದಕ್ಕಿರುವ ಮದ್ದು ಮೂರು: ಒಳಗನ್ನು ಕೆರೆಸಿ ತೆಗೆಯುವುದು, ಕೆರೆದ ಮೇಲೆ ಸಿಮೆಂಟ್ ಗಾರೆಯ ತೆಳು ಪದರ ಬಳಿಯುವುದು, ಇಲ್ಲವೇ ಪೈಪನ್ನೇ ಬದಲಿಸುವುದು. ಬರಿದೆ ಕೆರೆದರೆ ತುಕ್ಕು ಮೊದಲಿಗಿಂತ ಬೇಗ ಮರಳುತ್ತದೆ.

ಹೆಸರಘಟ್ಟ ಹೆಚ್ಚು ಕಾಲ ಸಾಲಲಿಲ್ಲ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು, ಕೊಳವೆಗಳೂ ಅವುಗಳ ಹಿಂದೆ ಹೋದವು; 1920ರ ದಶಕದಲ್ಲಿ ಕೆರೆ ಬತ್ತಿತು. ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಅರ್ಕಾವತಿ ಮತ್ತು ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಎದ್ದಿತು. 1933ರಲ್ಲಿ ಮುಗಿದ ಈ ಚಾಮರಾಜಸಾಗರದಿಂದ ನೀರನ್ನು ಎತ್ತಿದ್ದು ಹಬೆಯಲ್ಲ, ವಿದ್ಯುತ್ತು. ಆ ವೇಳೆಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಪೈಪುಗಳು ತಯಾರಾಗುತ್ತಿದ್ದವು. ಹಡಗಿನಲ್ಲಿ ಬರುವ ಪೈಪಿಗೆ ಕಾಯುವ ಕಷ್ಟ ತಪ್ಪಿತು. ತಿರುಗುವ ಅಚ್ಚಿನಲ್ಲಿ ಕಬ್ಬಿಣ ಹೊಯ್ಯುವ ಹೊಸ ವಿಧಾನದಿಂದ ಗೋಡೆ ತೆಳುವಾಗಿಯೂ ಗಟ್ಟಿಯಾಗಿಯೂ ಬಂತು. ಕಾಂಕ್ರೀಟಿನ ಹ್ಯೂಮ್ ಪೈಪು, ಕಲ್ನಾರಿನ ಪೈಪುಗಳೂ ಬಳಕೆಗೆ ಬಂದವು. ಇವಕ್ಕೆ ತುಕ್ಕಿಲ್ಲ, ಆದರೆ ಭಾರ ಬಿದ್ದರೆ ಬಿರುಕು. ಒಂದು ರೋಗ ಕಳೆದು ಇನ್ನೊಂದು ಬಂತು ಅಷ್ಟೆ.

ಊರು ಬೆಳೆದ ವೇಗದ ಮುಂದೆ ಯಾವ ಯೋಜನೆಯೂ ನಿಲ್ಲಲಿಲ್ಲ. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 8 ಲಕ್ಷವನ್ನು ಮುಟ್ಟುವಂತಾಯಿತು. ಇದ್ದ ನೀರನ್ನು ಎಲ್ಲರಿಗೂ ಹಂಚಲು ಸಿಕ್ಕಿದ ಸುಲಭ ಉಪಾಯ ಸರದಿ: ಈ ಬೀದಿಗೆ ಬೆಳಿಗ್ಗೆ, ಆ ಬೀದಿಗೆ ಸಂಜೆ, ಆಮೇಲೆ ದಿನ ಬಿಟ್ಟು ದಿನ. ಹಳ್ಳಿಯ ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುತ್ತಿದ್ದ ನೀರುಗಂಟಿಯ ಕೆಲಸ ನಗರದಲ್ಲಿ ವಾಲ್ವ್‌ಮನ್ ಪಾಲಿಗೆ ಬಂತು. ಉದ್ದನೆಯ ಕೀಲಿಕೋಲು ಹಿಡಿದು ರಸ್ತೆಯ ಮುಚ್ಚಳ ತೆಗೆದು ವಾಲ್ವ್ ತಿರುಗಿಸುವ ಈ ನೌಕರನಿಗೆ ಗೊತ್ತಿರುತ್ತಿದ್ದಷ್ಟು ಕಚೇರಿಯ ನಕ್ಷೆಗೂ ಗೊತ್ತಿರುತ್ತಿರಲಿಲ್ಲ. ಯಾವ ವಾಲ್ವ್ ಬಲಕ್ಕೆ ತಿರುಗಿದರೆ ಮುಚ್ಚುತ್ತದೆ, ಯಾವುದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಯಾವುದರ ಮೇಲೆ ಡಾಂಬರು ಬಿದ್ದು ಮುಚ್ಚಿಹೋಗಿದೆ ಎಂಬುದೆಲ್ಲ ಅವನ ನೆನಪಿನಲ್ಲಿ. ಅವನು ನಿವೃತ್ತನಾದ ದಿನ ಆ ನಕ್ಷೆಯೂ ಹೋಗುತ್ತಿತ್ತು. ವಾಲ್ವ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಪೂರ್ತಿ ಮುಚ್ಚಿ ತೆರೆದು ನೋಡಬೇಕು, ರಸ್ತೆ ಎತ್ತರಿಸಿದಾಗ ಮುಚ್ಚಳವನ್ನೂ ಎತ್ತರಿಸಬೇಕು ಎಂಬುದು ನಿರ್ವಹಣೆಯ ಮೊದಲ ಪಾಠ. ತಪ್ಪಿದರೆ, ಒಂದು ಬೀದಿಯಲ್ಲಿ ಪೈಪು ಒಡೆದಾಗ ಮುಚ್ಚಬೇಕಾದ ವಾಲ್ವ್ ಸಿಗದೆ ಇಡೀ ಬಡಾವಣೆಯ ನೀರನ್ನು ನಿಲ್ಲಿಸಬೇಕಾಗುತ್ತದೆ.

ಸರದಿ ನೀರು ಹಂಚಿಕೆಯ ಉಪಾಯವಾಗಿ ಬಂದು ಕೊಳವೆಗಳ ಅತಿ ದೊಡ್ಡ ಶತ್ರುವಾಯಿತು. ಒತ್ತಡದಲ್ಲಿ ತುಂಬಿರುವ ಕೊಳವೆ ತೂತಿದ್ದರೂ ನೀರನ್ನು ಹೊರಗೆ ಬಿಡುತ್ತದೆ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ನೀರು ತಗ್ಗಿನ ಕಡೆ ಇಳಿದುಹೋಗಿ ಎತ್ತರದ ಕೊಳವೆಯಲ್ಲಿ ನಿರ್ವಾತ ಉಂಟಾಗುತ್ತದೆ. ಆಗ ಅದೇ ತೂತು ಸುತ್ತಲಿನ ಕೊಚ್ಚೆಯನ್ನು ಹೀರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 1922ರಿಂದ ಹಾಕತೊಡಗಿದ ಒಳಚರಂಡಿ ಹಲವು ಕಡೆ ನೀರಿನ ಪೈಪಿನ ಪಕ್ಕದಲ್ಲೇ ಇದೆ, ಪೇಟೆಯ ಕಿರುಗಲ್ಲಿಗಳಲ್ಲಿ ಎರಡಕ್ಕೂ ಅಂತರ ಬಿಡಲು ಜಾಗವೇ ಇಲ್ಲ. ಮನೆಯ ಸಂಪರ್ಕದ ಸಣ್ಣ ಪೈಪುಗಳಂತೂ ಮೋರಿಯನ್ನೇ ಹಾಯ್ದು ಹೋಗುತ್ತವೆ. ಕಾಲರಾ, ಕಾಮಾಲೆ ಕಾಣಿಸಿಕೊಂಡಾಗ ಎಂಜಿನಿಯರು ಮೊದಲು ಹುಡುಕುವುದು ಇಂಥ ಅಡ್ಡಹಾಯ್ದ ಜಾಗವನ್ನು. ನೀರು ಬಿಟ್ಟ ಕೂಡಲೇ ಬರುವ ಮೊದಲ ಕೆಲವು ಕೊಡಗಳನ್ನು ಕುಡಿಯಲು ಹಿಡಿಯಬಾರದೆಂಬ ಹಳೆಯ ಹೆಂಗಸರ ಎಚ್ಚರಿಕೆ ಶುದ್ಧ ಎಂಜಿನಿಯರಿಂಗ್.

ಸರದಿಯ ಇನ್ನೊಂದು ಕೂಸು ಸಂಪು. ನೀರು ಬಂದಾಗ ಸಾಧ್ಯವಾದಷ್ಟು ತುಂಬಿಕೊಳ್ಳಲು ಪ್ರತಿ ಮನೆಯೂ ನೆಲದಲ್ಲಿ ತೊಟ್ಟಿ ತೋಡಿಕೊಂಡಿತು, ಮೇಲೊಂದು ಟ್ಯಾಂಕು ಇಟ್ಟಿತು. ಕೆಲವರು ಪೈಪಿಗೇ ಮೋಟರು ಕಟ್ಟಿ ಎಳೆದರು. ಬೀದಿಯ ಎಲ್ಲ ಸಂಪುಗಳೂ ಒಟ್ಟಿಗೆ ಬಾಯಿ ತೆರೆದಾಗ ಒತ್ತಡ ನೆಲಕಚ್ಚುತ್ತದೆ. ಪದೇ ಪದೇ ಖಾಲಿಯಾಗಿ ತುಂಬುವ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅದು ಹೊರಬೀಳುವಾಗ ಮೀಟರನ್ನೂ ತಿರುಗಿಸುತ್ತದೆ. ಗಾಳಿಗೂ ಬಿಲ್ಲು ಕಟ್ಟುತ್ತಿದ್ದೇವೆ ಎಂಬ ಗೊಣಗಾಟ ಉತ್ಪ್ರೇಕ್ಷೆಯಲ್ಲ. ಎತ್ತರದ ತಿರುವುಗಳಲ್ಲಿ ಏರ್ ವಾಲ್ವ್, ತಗ್ಗಿನಲ್ಲಿ ಹೂಳು ತೊಳೆದು ಬಿಡುವ ಸ್ಕವರ್ ವಾಲ್ವ್ ಇಡುವುದು ಇದಕ್ಕಾಗಿಯೇ. ಎರಡನ್ನೂ ಹಾಕುತ್ತಾರೆ, ತೆರೆದು ನೋಡುವುದು ಅಪರೂಪ.

1964ರ ಕಾಯ್ದೆಯಂತೆ ನೀರು ಮತ್ತು ಒಳಚರಂಡಿಯ ಹೊಣೆ ಪ್ರತ್ಯೇಕ ಜಲಮಂಡಳಿಗೆ ಬಂತು. ನಗರದ ಕಣ್ಣು ಆಗಲೇ ಕಾವೇರಿಯ ಮೇಲಿತ್ತು. ಮೊದಲ ಹಂತ 1974ರಲ್ಲಿ, ಎರಡನೆಯದು 1982ರಲ್ಲಿ, ತಲಾ 13.5 ಕೋಟಿ ಲೀಟರ್ ನೀರನ್ನು ದಿನವೂ ತಂದವು. 1993, 2002 ಮತ್ತು 2012ರ ಕೆಲಸಗಳಿಂದ ಒಟ್ಟು ಪ್ರಮಾಣ ದಿನಕ್ಕೆ ಸುಮಾರು 145 ಕೋಟಿ ಲೀಟರಿಗೆ ಏರಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತ ಇನ್ನೂ 77.5 ಕೋಟಿ ಲೀಟರಿನದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ, ಸುಮಾರು 100 ಕಿಲೋಮೀಟರ್ ದೂರದಿಂದ, ಘರ್ಷಣೆಯೂ ಸೇರಿ ಸುಮಾರು 500 ಮೀಟರ್ ಎತ್ತರಕ್ಕೆ ಸಮನಾದ ಒತ್ತಡದಲ್ಲಿ ಈ ನೀರು ಬರುತ್ತದೆ. ಇಷ್ಟು ಒತ್ತಡಕ್ಕೆ ಎರಕದ ಕಬ್ಬಿಣ ಒಗ್ಗದು. ಒಳಗೆ ಸಿಮೆಂಟ್ ಗಾರೆ ಬಳಿದ ಉಕ್ಕಿನ ದೊಡ್ಡ ಕೊಳವೆಗಳೇ ಬೇಕಾದವು. ಅವುಗಳ ಭಯ ತುಕ್ಕಿಗಿಂತ ನೀರಿನ ಹೊಡೆತ. ಕರೆಂಟು ಹೋಗಿ ಪಂಪು ತಟ್ಟನೆ ನಿಂತರೆ, ಏರುತ್ತಿದ್ದ ನೀರು ಹಿಂದಿರುಗಿ ಬಂದು ಅಪ್ಪಳಿಸುತ್ತದೆ; ಆ ಕ್ಷಣದ ಒತ್ತಡ ಎಂದಿನದನ್ನು ಬಹಳ ಮೀರಬಹುದು. ಅದನ್ನು ತಡೆಯಲು ದಾರಿಯಲ್ಲಿ ಸರ್ಜ್ ಟ್ಯಾಂಕುಗಳನ್ನೂ ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್‌ಗಳನ್ನೂ ಇಡುತ್ತಾರೆ. ವಿಜಯಪುರದ ಗಂಜ್‌ಗಳ ನೆಂಟರು ಇವು.

ಕೊಳವೆ ಸೋರುವುದೆಂದರೆ ಇಲ್ಲಿ ಕರೆಂಟೂ ಸೋರಿದಂತೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಪಂಪಿನ ನಷ್ಟ ಸೇರಿಸದೆಯೇ, 1.36 ಯೂನಿಟ್ ವಿದ್ಯುತ್ ಬೇಕು. ನಷ್ಟ ಸೇರಿದರೆ ಎರಡರ ಹತ್ತಿರ. ಐದು ಮಿಲಿಮೀಟರಿನ ಒಂದು ತೂತು, 20 ಮೀಟರಿನ ಸಾಧಾರಣ ಒತ್ತಡದಲ್ಲಿ, ದಿನಕ್ಕೆ ಸುಮಾರು 20,000 ಲೀಟರ್ ಸೋರುತ್ತದೆ. ತಲೆಗೆ 135 ಲೀಟರಿನ ಸರ್ಕಾರಿ ಅಳತೆಯಲ್ಲಿ ಅದು ಸುಮಾರು 150 ಜನರ ಒಂದು ದಿನದ ನೀರು. ಹಾಗಾದರೆ ತೂತು ಹೆಚ್ಚಾಗಿ ಎಲ್ಲಿ? ದೊಡ್ಡ ಕೊಳವೆಯಲ್ಲಲ್ಲ. ಬೀದಿಯ ಪೈಪಿಗೆ ರಂಧ್ರ ಕೊರೆದು ಮನೆಯ ಸಂಪರ್ಕ ಕೊಡುವ ಫೆರೂಲ್ ಎಂಬ ಹಿತ್ತಾಳೆಯ ತುಣುಕಿನಲ್ಲಿ, ಅಲ್ಲಿಂದ ಮೀಟರಿನವರೆಗಿನ ನಾಲ್ಕಾರು ಅಡಿಯ ಜಿಐ ಪೈಪಿನಲ್ಲಿ. ಸತುವಿನ ಲೇಪನ ಹೋದ ಮೇಲೆ ಮೋರಿಯ ತೇವದಲ್ಲಿ ಜಿಐ ಪೈಪು ಬೇಗ ಕೊಳೆಯುತ್ತದೆ. ಕೇಬಲ್ಲಿಗೆ, ಚರಂಡಿಗೆ, ರಸ್ತೆಗೆ ಎಂದು ವರ್ಷವಿಡೀ ನೆಲ ಅಗೆಯುವ ಜೆಸಿಬಿಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಈಚೆಗೆ ಜಿಐ ಬದಲು ಬೆಸುಗೆ ಹಾಕುವ ಪ್ಲಾಸ್ಟಿಕ್ ಪೈಪು, ಎರಕದ ಕಬ್ಬಿಣದ ಬದಲು ಬಾಗಿದರೂ ಸೀಳದ ಡಕ್ಟೈಲ್ ಕಬ್ಬಿಣ, ಸೀಸದ ಬದಲು ರಬ್ಬರ್ ಉಂಗುರ ಬಂದಿವೆ. ಸಾಮಗ್ರಿ ಒಳ್ಳೆಯದೇ, ಗುಂಡಿಯ ತಳಕ್ಕೆ ಮರಳು ಹಾಸದೆ ಕಲ್ಲಿನ ಮೇಲೆ ಮಲಗಿಸಿದ ಪೈಪು ಮಾತ್ರ ಯಾವುದೇ ಆದರೂ ಬಾಳುವುದಿಲ್ಲ.

ಕಾಣದ ಸೋರಿಕೆಯನ್ನು ಹಿಡಿಯುವ ಹಳೆಯ ಸಾಧನ ಒಂದು ಕಬ್ಬಿಣದ ಸಲಾಕೆ. ಊರು ಮಲಗಿದ ಮೇಲೆ ಅದರ ಒಂದು ತುದಿಯನ್ನು ವಾಲ್ವ್ ಮೇಲೆ ಇಟ್ಟು ಇನ್ನೊಂದಕ್ಕೆ ಕಿವಿ ಕೊಟ್ಟರೆ ಸೋರುವ ನೀರಿನ ಸುಯ್ಲು ಕೇಳುತ್ತದೆ. ಇಂದಿನ ನೆಲಮೈಕುಗಳೂ, ಎರಡು ಕಡೆಯ ಸದ್ದನ್ನು ಹೋಲಿಸಿ ಜಾಗವನ್ನು ಲೆಕ್ಕ ಹಾಕುವ ಯಂತ್ರಗಳೂ ಮಾಡುವುದು ಇದನ್ನೇ. ಅದಕ್ಕಿಂತ ಹೆಚ್ಚಿನ ಬದಲಾವಣೆ ತಂದದ್ದು ಲೆಕ್ಕದ ಕ್ರಮ. ಜಾಲವನ್ನು ಸಣ್ಣ ವಲಯಗಳಾಗಿ ಬೇರ್ಪಡಿಸಿ, ಒಳಬರುವ ಬಾಯಿಗೆ ಮೀಟರ್ ಇಟ್ಟು, ನಡುರಾತ್ರಿ ಎರಡರಿಂದ ನಾಲ್ಕರವರೆಗಿನ ಹರಿವನ್ನು ಓದುತ್ತಾರೆ. ಯಾರೂ ನೀರು ಬಳಸದ ಆ ಹೊತ್ತಿನಲ್ಲಿ ಒಳಗೆ ಹರಿಯುವುದರಲ್ಲಿ ಬಹುಪಾಲು ಸೋರಿಕೆ. ಆದರೆ ಇದು ನಡೆಯಬೇಕಾದರೆ ರಾತ್ರಿಯೂ ಕೊಳವೆಯಲ್ಲಿ ನೀರಿರಬೇಕು, ಸಂಪುಗಳು ತುಂಬಿ ಮುಚ್ಚಿರಬೇಕು. ಸರದಿಯ ಊರಿನಲ್ಲಿ ಸೋರಿಕೆಯನ್ನು ಅಳೆಯುವುದೇ ಕಷ್ಟ.

ಸರದಿಯನ್ನೇ ಬಿಟ್ಟು ನೋಡುವ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಲ್ಲ, ಉತ್ತರ ಕರ್ನಾಟಕದಲ್ಲಿ. ನಾಲ್ಕೈದು ದಿನಕ್ಕೊಮ್ಮೆ ನೀರು ಕಾಣುತ್ತಿದ್ದ ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿ, 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡಲಾಯಿತು. ಖಾಸಗಿ ಕಂಪನಿಗೆ ನಿರ್ವಹಣೆ ಒಪ್ಪಿಸಿದ್ದರ ಬಗ್ಗೆ, ದರದ ಬಗ್ಗೆ ವಾದವಿವಾದ ಜೋರಾಗಿಯೇ ನಡೆಯಿತು, ಅದು ನಡೆಯಬೇಕಾದ ವಾದವೇ. ಕೊಳವೆಯ ಮಟ್ಟಿಗೆ ಫಲಿತಾಂಶ ಸ್ಪಷ್ಟವಾಗಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ನಲ್ಲಿಗಳ ನೀರನ್ನು ಪರೀಕ್ಷಿಸಿದಾಗ, ಸರದಿಯ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಬಹಳ ಹೆಚ್ಚು ಸಲ ಸಿಕ್ಕಿತು; ಮಳೆಗಾಲದಲ್ಲೂ ನೀರು ಬಿಟ್ಟ ಮೊದಲ ನಿಮಿಷಗಳಲ್ಲೂ ಅದು ಮತ್ತಷ್ಟು.

ಬೆಂಗಳೂರಿನ ಜಲಮಂಡಳಿಯೂ ಜಪಾನಿನ ಸಾಲದಿಂದ ಕೆಲವು ವಿಭಾಗಗಳಲ್ಲಿ ಹಳೆಯ ಕೊಳವೆ ಬದಲಿಸಿ ವಲಯ ಮೀಟರುಗಳನ್ನು ಕೂರಿಸಿತು. ಒಂದು ಕಾಲಕ್ಕೆ ಶೇಕಡ 40ನ್ನು ಮೀರಿದ್ದ ಲೆಕ್ಕಕ್ಕೆ ಸಿಗದ ನೀರಿನ ಪಾಲು ಇದರಿಂದ ಇಳಿದಿದೆ. ಆ ಲೆಕ್ಕದಲ್ಲಿ ಸೋರಿಕೆಯ ಜೊತೆ ಅಕ್ರಮ ಸಂಪರ್ಕ, ಕೆಟ್ಟ ಮೀಟರುಗಳೂ ಸೇರಿವೆ. ಈಗ ಅದು ಶೇಕಡ 30 ಎಂದೇ ಇಟ್ಟುಕೊಂಡರೂ, ಐದನೆಯ ಹಂತಕ್ಕೆ ಮೊದಲಿನ 145 ಕೋಟಿ ಲೀಟರಿನಲ್ಲಿ ದಿನಕ್ಕೆ 43 ಕೋಟಿ ಲೀಟರಿಗೂ ಹೆಚ್ಚು. ಕಾವೇರಿಯ ಮೊದಲ ಎರಡು ಹಂತಗಳು ಸೇರಿ ತಂದದ್ದು 27 ಕೋಟಿ ಲೀಟರ್.